ಹಿಂದೆ ಅಂಟಿಕೊಂಡು ಬರುವವರಿಂದ ಆಟೊಮ್ಯಾಟಿಕ್ ಬ್ರೇಕ್ ಕಾಪಾಡುತ್ತದಾ?

ಹೆದ್ದಾರಿಯಲ್ಲಿ ಹಿಂದೆ ಅಂಟಿಕೊಂಡು ಲೈಟ್ ಹೊಡೆಯುವವರ ಬಗ್ಗೆ ಕೇಳಿದ್ದೀರಿ. ಡಿಕ್ಕಿಯಾಗುವ ಅಪಾಯ ಕಂಡರೆ ಕಾರೇ ತಾನಾಗಿ ಹಾಕುವ ಆಟೊಮ್ಯಾಟಿಕ್ ಬ್ರೇಕ್ ಇದಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. ಅದರ ರೇಡಾರ್, ಕ್ಯಾಮೆರಾ ಮುಖ್ಯವಾಗಿ ನೋಡುವುದು ಮುಂದಕ್ಕೆ. ಹಿಂದಿನವನ ಬ್ರೇಕ್ ಅವನ ಕಾಲಲ್ಲೇ ಇದೆ.

ನಿಮ್ಮ ಕೈಯಲ್ಲಿರುವುದು ಮುಂದಿನ ಅಂತರ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅಂದರೆ 2 ಸೆಕೆಂಡಿನ ಅಂತರಕ್ಕೆ 56 ಮೀಟರ್ ಬೇಕು. ಹಿಂದೆ ಇಂಥವನಿದ್ದಾಗ ಅದನ್ನು 3-4 ಸೆಕೆಂಡಿಗೆ ಹೆಚ್ಚಿಸಿ. ಆಗ ಮುಂದೆ ಏನೇ ಆದರೂ ನೀವು ಮೆಲ್ಲಗೆ ಬ್ರೇಕ್ ಒತ್ತಬಹುದು, ಅವನಿಗೂ ನಿಲ್ಲಿಸಲು ಸಮಯ ಸಿಗುತ್ತದೆ. ಮುಂದಿನ ವಾಹನಕ್ಕೆ ತಕ್ಕಂತೆ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದ್ದರೆ ಅದರಲ್ಲೂ ಅಂತರ ಜಾಸ್ತಿ ಮಾಡಿಡಿ. ಆ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ ಅಲ್ವಾ? ನುಗ್ಗಲಿ. ನಿಮಗೆ ಹೋಗುವುದು ಒಂದೆರಡು ಸೆಕೆಂಡ್ ಅಷ್ಟೇ.

ಬುದ್ಧಿ ಕಲಿಸಲು ಮಾತ್ರ ಸುಮ್ನೆ ಬ್ರೇಕ್ ಒತ್ತಬೇಡಿ, ದಯವಿಟ್ಟು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಜಾಗ ಸಿಕ್ಕ ಕೂಡಲೇ ಲೇನ್ ಬಿಟ್ಟುಕೊಡಿ. ಕನ್ನಡಿಯಲ್ಲಿ ಕಾಣದ ಜಾಗದಲ್ಲಿ ವಾಹನವಿದ್ದರೆ ಎಚ್ಚರಿಸುವ ಬ್ಲೈಂಡ್ ಸ್ಪಾಟ್ ಲೈಟ್ ಇದ್ದರೂ ತಿರುಗಿ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ಇನ್ನೊಂದು ಮಾತು. ಸೀಟಿನ ಹೆಡ್‌ರೆಸ್ಟ್ ಅನ್ನು ತಲೆಯ ಎತ್ತರಕ್ಕೆ ಏರಿಸಿಕೊಳ್ಳಿ. ಹಿಂದಿನಿಂದ ಗುದ್ದಿದಾಗ ಕುತ್ತಿಗೆಯನ್ನು ಉಳಿಸುವುದು ಅದೇ.