ವಿಜಯಪುರದಲ್ಲಿ ಇದ್ದುಕೊಂಡು ಪರಿಸರಕ್ಕೆ ಹೊರೆಯಾಗದ ಹಾಗೆ ಏನು ಕೊಳ್ಳಬಹುದು?

ಬೆಂಗಳೂರಿನಿಂದ ವಿಜಯಪುರಕ್ಕೆ ವರ್ಗವಾಗಿ ಬಂದಿದ್ದೀರಿ. ಅಲ್ಲಿ ಸಾವಯವ ಅಂಗಡಿ, ಬಿದಿರಿನ ಬ್ರಷ್ಷು, ಮರುಬಳಕೆ ಡಬ್ಬಿ ಎಲ್ಲಾ ಹತ್ತಿರದಲ್ಲೇ ಇತ್ತು. ಇಲ್ಲಿ ಅಂಥದ್ದು ಕಾಣಲಿಲ್ಲ, ಎಲ್ಲವನ್ನೂ ಆನ್‌ಲೈನ್‌ನಲ್ಲಿ ತರಿಸಬೇಕಾ ಅಂತ ಕೇಳಿದ್ದೀರಿ. ಪರಿಸರದ ಸುದ್ದಿ ಓದಿದರೆ ಎಲ್ಲಾ ದೂರದ ಊರಿನದೇ ಅನಿಸುತ್ತದೆ ಅಂತಲೂ ಬರೆದಿದ್ದೀರಿ.

ಏನೂ ತರಿಸಬೇಡಿ. ನಾನು ಇದೇ ಊರಿನವಳು. ನಮ್ಮ ಜಿಲ್ಲೆಯಲ್ಲಿ ಪರಿಸರ ಅಂದರೆ ಮೊದಲು ನೀರು. ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಅದೂ ನಂಬುವಂಥದ್ದಲ್ಲ. ಹಾಗಾಗಿ ಏನೇ ಕೊಳ್ಳಲಿ, ಅದು ಎಷ್ಟು ನೀರು ಕುಡಿದು ಬೆಳೆದಿದೆ ಅಂತ ನಾನು ಮೊದಲು ಯೋಚಿಸುತ್ತೇನೆ. ಹಾಗೆ ನೋಡಿದರೆ ನಿಮಗೆ ಬೇಕಾದ ಸಾಮಾನು ಇಲ್ಲಿನ ಕಿರಾಣಿ ಅಂಗಡಿಯಲ್ಲೇ, ಸಂತೆಯಲ್ಲೇ ಇದೆ.

ಮೊದಲನೆಯದು ಬಿಳಿಜೋಳ. ಇಲ್ಲಿಯ ಎರೆ ಹೊಲದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹಿಂಗಾರಿ ಜೋಳ ಬಿತ್ತುತ್ತಾರೆ. ಹೆಚ್ಚಾಗಿ ಮಾಲದಂಡಿ ತಳಿ, ಎಂ 35-1 ಅಂತಲೂ ಕರೆಯುತ್ತಾರೆ. ಬಿತ್ತಿದ ಮೇಲೆ ಮಳೆ ಬರುವುದು ಅಪರೂಪ. ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ಹಸಿಯಲ್ಲೇ ಬೆಳೆ ಬರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ಒಂದು ಜೋಳದ ಬೆಳೆಗೆ 450ರಿಂದ 650 ಮಿ.ಮೀ. ನೀರು ಸಾಕು. ಕಬ್ಬಿಗೆ 1,500ರಿಂದ 2,500 ಮಿ.ಮೀ. ಬೇಕು. 600 ಮಿ.ಮೀ. ಮಳೆಯ ನೆಲದಲ್ಲಿ ಕಬ್ಬಿನ ಉಳಿದ ನೀರು ಎಲ್ಲಿಂದ ಬರಬೇಕು ಹೇಳಿ? ಕಾಲುವೆಯಿಂದ, ಇಲ್ಲವೇ ಬೋರಿನಿಂದ.

ಜೋಳದಲ್ಲಿ ಬಿಸಾಡುವುದು ಏನೂ ಇಲ್ಲ. ತೆನೆ ನಮಗೆ, ಕಣಿಕೆ ದನಕ್ಕೆ. ‘ಡೋಣಿ ಬೆಳೆದರೆ ಓಣೆಲ್ಲಾ ಜೋಳ’ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಡೋಣಿ ನಮ್ಮ ಜಿಲ್ಲೆಯ ಹೊಳೆ. ಈಗ ನೀರಾವರಿ ಬಂದ ಕಡೆ ಜೋಳದ ಹೊಲ ಕಬ್ಬಿಗೆ ಹೋಗುತ್ತಿದೆ. ರೈತರನ್ನು ದೂರಬೇಡಿ. ಜೋಳ ಕೀಳುವುದು, ತೆನೆ ಮುರಿಯುವುದು ಕೈಕೆಲಸ, ಅದಕ್ಕೆ ಆಳು ಸಿಗುವುದಿಲ್ಲ. 2025-26ಕ್ಕೆ ಕೇಂದ್ರ ಸರ್ಕಾರ ಮಾಲದಂಡಿಗೆ ಹೇಳಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ, ಅಂದರೆ ಕಿಲೋಗೆ 37 ರೂಪಾಯಿ ಚಿಲ್ಲರೆ. ಪೇಟೆಯವರು ಒಳ್ಳೆ ಕಾಳಿಗೆ ಚೌಕಾಸಿ ಮಾಡದೆ ದುಡ್ಡು ಕೊಟ್ಟರೆ ಮಾತ್ರ ಅದು ಹೊಲದಲ್ಲಿ ಉಳಿಯುತ್ತದೆ. ಉಳಿಯಲೇಬೇಕು ಅನ್ನುವುದು ನನ್ನ ಆಸೆ.

ರೊಟ್ಟಿ ಬಡಿಯಲು ಬರುವುದಿಲ್ಲವೇ? ಚಿಂತೆ ಬೇಡ. ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಇಲ್ಲಿ ಬಹಳ. ಒಂದು ಬಟ್ಟೆ ಒಯ್ದು ಅದರಲ್ಲೇ ಕಟ್ಟಿಸಿಕೊಂಡು ಬನ್ನಿ. ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಜೊತೆಗೆ ಕುಸುಬೆ ಎಣ್ಣೆ ಸಿಕ್ಕರೆ ಬಿಡಬೇಡಿ. ಕುಸುಬೆಯೂ ಹಿಂಗಾರಿ ಬೆಳೆ, ಇದೇ ಎರೆ ಮಣ್ಣಿನ ಹಸಿಯಲ್ಲಿ ಬೆಳೆಯುತ್ತದೆ. ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ. ಅದಕ್ಕಾಗಿ ಅಲ್ಲಿ ಕಾಡು ಕಡಿದ ಸುದ್ದಿ ನೀವೂ ಓದಿರುತ್ತೀರಿ.

ಇನ್ನೊಂದು ವಿಷಯ, ಬಣ್ಣ. ನಮ್ಮ ಜಿಲ್ಲೆ ಒಣದ್ರಾಕ್ಷಿಗೆ ಹೆಸರಾದದ್ದು. ಹಣ್ಣು ಬೇಗ ಒಣಗಲಿ ಅಂತ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಆಮೇಲೆ ಹಳದಿ ಹೊಳಪು ಬರಲಿ ಅಂತ ಗಂಧಕದ ಹೊಗೆ ಕೊಡುವುದುಂಟು. ಆ ಹೊಗೆ ಉಸಿರಿಗೆ ಕೆಟ್ಟದ್ದು. ಮೊದಲು ತಾಗುವುದು ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ. ನಾವು ಹಳದಿಯದನ್ನೇ ಆರಿಸುತ್ತೇವೆ, ಅದಕ್ಕೇ ವ್ಯಾಪಾರಿ ಅದನ್ನೇ ಕೇಳುತ್ತಾನೆ. ಕಂದು ಬಣ್ಣದ್ದು, ಗಂಧಕ ಕೊಡದ್ದು ಇದೆಯಾ ಅಂತ ಕೇಳಿ ತೆಗೆದುಕೊಳ್ಳಿ.

ಬೆಲ್ಲದ್ದೂ ಇದೇ ಕಥೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬೆಲ್ಲದ ಪೇಟೆ ದೊಡ್ಡದು. ಕಬ್ಬಿನ ಹಾಲು ಕಾಯಿಸುವಾಗ ಕೊಳೆ ತೆಗೆಯಲು ಹಿಂದಿನಿಂದಲೂ ಬೆಂಡೆ ಗಿಡದ ಲೋಳೆ, ಸುಣ್ಣ ಹಾಕುತ್ತಿದ್ದರು. ಬೆಲ್ಲ ಬಂಗಾರದ ಬಣ್ಣಕ್ಕೆ ಬರಬೇಕು ಅಂತ ಈಗ ಹೈಡ್ರೋಸ್ ಹಾಕುವುದು ಜಾಸ್ತಿಯಾಗಿದೆ. ಅದೂ ಗಂಧಕದ ರಾಸಾಯನಿಕವೇ. ಕಪ್ಪಗೆ ಇರುವ ಬೆಲ್ಲ ಎಲ್ಲಾ ಶುದ್ಧ ಅಂತಲ್ಲ, ಮಾಡಿದವರನ್ನು ಕೇಳಲೇಬೇಕು. ಮತ್ತೆ, ಡಬ್ಬಿ ಮೇಲೆ ಸಾವಯವ ಅಂತ ಇದ್ದರೂ ಒಳಗಿರುವುದು ಕಬ್ಬೇ ಅಲ್ವಾ? ಗೊಬ್ಬರ, ಔಷಧ ಏನು ಹಾಕಿದರು ಅನ್ನುವುದನ್ನು ಆ ಚೀಟಿ ಹೇಳುತ್ತದೆ. ನೀರು ಎಷ್ಟು ಹೋಯಿತು ಅನ್ನುವುದನ್ನು ಹೇಳುವುದಿಲ್ಲ. ನಾನು ಬೆಲ್ಲ ಬಿಟ್ಟಿಲ್ಲ, ಆದರೆ ಹಿಡಿದು ಬಳಸುತ್ತೇನೆ.

ಚೀಟಿಗಳ ಬಗ್ಗೆ ಹೇಳುವುದಾದರೆ, ಪ್ಯಾಕೆಟ್ ಆಹಾರದಲ್ಲಿ ‘ಜೈವಿಕ್ ಭಾರತ್’ನಂಥ ಸಾವಯವ ಪ್ರಮಾಣಪತ್ರದ ಗುರುತು ನೋಡಿ. ಸಣ್ಣ ರೈತ ನೇರವಾಗಿ ನಿಮಗೇ ಮಾರಿದರೆ ಆ ಪ್ರಮಾಣಪತ್ರ ಕಡ್ಡಾಯವಲ್ಲ. ಹಾಗಾಗಿ ಸಂತೆಯಲ್ಲಿ ಕೂತ ರೈತನ ಬಳಿ ಗುರುತಿಲ್ಲ ಅಂತ ಬಿಟ್ಟು ಬರಬೇಡಿ, ಮಾತಾಡಿಸಿ. ‘ಪರಿಸರಸ್ನೇಹಿ’, ‘ಗ್ರೀನ್’ ಅಂತ ಸುಮ್ನೆ ಬರೆದುಕೊಳ್ಳುವವರನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಅಂಥ ಮಾತಿಗೆ ಪುರಾವೆ ಇರಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವ ಮುಂಚೆ ಆ ಪುರಾವೆ ಕೇಳಿ.

ಬಟ್ಟೆ ಬೇಕಾದರೆ ಇಳಕಲ್ ದೂರವಿಲ್ಲ. ಕೈಮಗ್ಗದ್ದೇ ಕೇಳಿ. ಪವರ್‌ಲೂಮ್ ಸೀರೆಯನ್ನೂ ಇಳಕಲ್ ಅಂತಲೇ ಮಾರುತ್ತಾರೆ. ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಒಳ್ಳೆಯದು.

ಸುದ್ದಿ ದೂರದ್ದು ಅಂದಿರಲ್ಲ, ಅದು ಮಾತ್ರ ನಿಜವಲ್ಲ. ನಮ್ಮದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ಅದಕ್ಕೆ ನೀರು ಬರುವುದು ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ. ನಮ್ಮ ಊರಿನ ನಲ್ಲಿಗೂ ಕೊಲ್ಹಾರದ ಹತ್ತಿರ ಕೃಷ್ಣೆಯಿಂದಲೇ ನೀರು ಎತ್ತುತ್ತಾರೆ. ಆ ಹಿನ್ನೀರಿಗಾಗಿ ಹಳೇ ಬಾಗಲಕೋಟೆಯ ಓಣಿಗಳು ಮುಳುಗಿವೆ. ಅಣೆಕಟ್ಟಿನ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆ ಇದೆ. ಏರಿದರೆ ಇನ್ನಷ್ಟು ಹೊಲ, ಮನೆ ಹೋಗುತ್ತವೆ. ಹೀಗಿರುವಾಗ ಬಿಸಿಲುಗಾಲದಲ್ಲಿ ನೀವು ಹಾಕುವ ಫ್ಯಾನ್ ಕೂಡ ಇಲ್ಲಿಯ ಸುದ್ದಿಯೇ. ಹಳೇ ಫ್ಯಾನ್ 70-80 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಮೋಟರಿನ ಹೊಸ ಫ್ಯಾನ್ 30 ವಾಟ್ ಆಸುಪಾಸಿನಲ್ಲಿ ತಿರುಗುತ್ತದೆ. ಹಳೆಯದು ಕೆಟ್ಟಾಗ ಬದಲಿಸಿ. ಚೆನ್ನಾಗಿರುವುದನ್ನು ಎಸೆಯುವುದು ಬೇಡ.

ಎಲ್ಲಿಂದ ಶುರು ಮಾಡಲಿ ಅಂದರೆ, ಡಿಸೆಂಬರ್-ಜನವರಿಯಲ್ಲಿ ಯಾರಾದರೂ ಸಹೋದ್ಯೋಗಿ ಸೀತನಿ, ಅಂದರೆ ಎಳೆ ಜೋಳ, ತಿನ್ನಲು ಹೊಲಕ್ಕೆ ಕರೆಯುತ್ತಾರೆ. ತಪ್ಪದೆ ಹೋಗಿ. ಹಾಲುತುಂಬಿದ ತೆನೆ ಸುಟ್ಟು, ಶೇಂಗಾ ಹಿಂಡಿ ಜೊತೆ ಕೊಡುತ್ತಾರೆ. ಆ ಹೊಲದವರನ್ನೇ ಕೇಳಿ, ಫೆಬ್ರವರಿ-ಮಾರ್ಚ್‌ನಲ್ಲಿ ರಾಶಿಯಾದಾಗ ಒಂದು ಚೀಲ ಜೋಳ ಕೊಡುತ್ತೀರಾ ಅಂತ. ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಬೆರೆಸಿ ಇಟ್ಟರೆ ಹುಳ ಬೇಗ ಹತ್ತುವುದಿಲ್ಲ. ಬೇಕಾದಷ್ಟೇ ಗಿರಣಿಗೆ ಒಯ್ದು ಬೀಸಿಸಿ. ಹಿಟ್ಟು ಹಳತಾದರೆ ರೊಟ್ಟಿ ಬಿರಿಯುತ್ತದೆ.