ಸರಾಸರಿಯ ಮರೆಯಲ್ಲಿ ಅಡಗುವ ತಪ್ಪು

ಪ್ರಶ್ನೆ: ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿದಿದೆ. ಪೈಥಾನ್, ಎಸ್‌ಕ್ಯೂಎಲ್ ಬರುತ್ತವೆ. ಎಲ್ಲರನ್ನೂ ಒಳಗೊಳ್ಳುವ ತಂತ್ರಜ್ಞಾನದಲ್ಲಿ, ಜನೋಪಯೋಗಿ ಡೇಟಾ ಕೆಲಸದಲ್ಲಿ ತೊಡಗುವಾಸೆ. ತೋರಿಸಲು ಎಂಥ ಪ್ರಾಜೆಕ್ಟ್ ಮಾಡಲಿ?

ಉತ್ತರ: ಸದ್ಯಕ್ಕೆ ಮತ್ತೊಂದು ಅಲ್ಗಾರಿದಂ ಬೇಡ. ಡೇಟಾದಿಂದ ಕಲಿತು ಉತ್ತರ ಊಹಿಸುವ ಮಾಡೆಲ್ ಯಾರ ವಿಷಯದಲ್ಲಿ ಎಡವುತ್ತದೆಂದು ಹುಡುಕುವುದನ್ನು ಕಲಿಯಿರಿ. 1000 ಮಂದಿಯಲ್ಲಿ 950 ಜನ ಒಂದು ಗುಂಪು, 50 ಜನ ಇನ್ನೊಂದು ಎನ್ನಿ. ಮೊದಲನೆಯದರಲ್ಲಿ 19 ತಪ್ಪು, ಎರಡನೆಯದರಲ್ಲಿ 15. ಒಟ್ಟು ನಿಖರತೆ ಶೇ 96.6, ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಚಿಕ್ಕ ಗುಂಪಿಗೆ ಮಾತ್ರ ತಪ್ಪು ಶೇ 30! ಮುಖ ನೋಡಿ ಲಿಂಗ ಹೇಳುವ ವಾಣಿಜ್ಯ ತಂತ್ರಾಂಶಗಳನ್ನು 2018ರಲ್ಲಿ ಸಂಶೋಧಕಿಯರಾದ ಜಾಯ್ ಬುಲಮ್ವಿನಿ, ಟಿಮ್ನಿಟ್ ಗೆಬ್ರು ಹೀಗೆಯೇ ಗುಂಪುಗಳಾಗಿ ಬಿಡಿಸಿ ನೋಡಿದರು. ತಿಳಿ ಮೈಬಣ್ಣದ ಗಂಡಸರಲ್ಲಿ ಹೆಚ್ಚೆಂದರೆ ಶೇ 0.8 ಇದ್ದ ತಪ್ಪು, ಕಡು ಮೈಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೂ ಏರಿತ್ತು.

ಪ್ರಾಜೆಕ್ಟಿಗೆ ಮೊಜಿಲ್ಲಾದ ಕಾಮನ್ ವಾಯ್ಸ್ ಒಳ್ಳೆಯದು; ಅದು ಜನರು ವಾಕ್ಯ ಓದಿ ಕೊಟ್ಟ ಧ್ವನಿ ತುಣುಕುಗಳ ಸಂಗ್ರಹ. ಮಾತನ್ನು ಅಕ್ಷರಕ್ಕಿಳಿಸುವ ಮುಕ್ತ ಮಾಡೆಲ್ ಒಂದನ್ನು ಅದರ ಮೇಲೆ ಓಡಿಸಿ. ಬದಲಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿ, ಮೂಲದ ಪದಸಂಖ್ಯೆಯಿಂದ ಭಾಗಿಸಿ. ಈ ತಪ್ಪಿನ ಪ್ರಮಾಣವನ್ನು ವಯಸ್ಸು, ಲಿಂಗದ ಪ್ರಕಾರ ಬೇರೆ ಬೇರೆಯಾಗಿ ಕೊಡಿ. ಲೆಕ್ಕಕ್ಕೆ ಮುಂಚೆ ವಿರಾಮಚಿಹ್ನೆ ತೆಗೆಯಿರಿ, ಅಂಕಿಗಳನ್ನು ಒಂದೇ ರೂಪಕ್ಕೆ ತನ್ನಿ. ಇಲ್ಲದಿದ್ದರೆ ‘5’ ಮತ್ತು ‘ಐದು’ ಕೂಡ ತಪ್ಪೆಂದೇ ಎಣಿಕೆಯಾಗುತ್ತದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿ: ಒಬ್ಬರೇ ನೂರಾರು ತುಣುಕು ಓದಿರುತ್ತಾರೆ. ನೀವೇ ಮಾಡೆಲ್‌ಗೆ ತರಬೇತಿ ಕೊಡುವುದಾದರೆ, ಅವರ ದನಿ ಕಲಿಸುವ ತುಣುಕುಗಳಲ್ಲೂ ಪರೀಕ್ಷಿಸುವ ತುಣುಕುಗಳಲ್ಲೂ ಇದ್ದರೆ ಫಲಿತಾಂಶ ಸುಳ್ಳೇ ಉಬ್ಬುತ್ತದೆ. ಆದ್ದರಿಂದ ವಿಂಗಡಣೆ ತುಣುಕುವಾರು ಅಲ್ಲ, ವ್ಯಕ್ತಿವಾರು ಆಗಬೇಕು: ಒಬ್ಬರ ತುಣುಕುಗಳೆಲ್ಲ ಒಂದೇ ಕಡೆ ಇರಲಿ. ಸಿದ್ಧ ಮಾಡೆಲ್ ಬಳಸಿದರೆ, ಅದು ಇದೇ ಸಂಗ್ರಹದಲ್ಲಿ ತರಬೇತಿ ಪಡೆದದ್ದೇ ಎಂದೂ ನೋಡಿಕೊಳ್ಳಿ. ವಯಸ್ಸು, ಲಿಂಗ ನಮೂದಿಸದವರನ್ನು ಸದ್ದಿಲ್ಲದೆ ಕೈಬಿಡದೆ, ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಚಿಕ್ಕ ಗುಂಪಿನ ಅಂಕಿಯನ್ನು ಒಂಟಿಯಾಗಿ ಬಿಡಬೇಡಿ: 40 ಜನರಲ್ಲಿ 4 ಮಂದಿಗೆ ಮಾಡೆಲ್ ಕೈಕೊಟ್ಟರೆ ಶೇ 10 ನಿಜ, ಆದರೆ ಶೇ 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಮಿತಿ) ಸುಮಾರು ಶೇ 4ರಿಂದ 23. ಅದೇ ಶೇ 10 ತಪ್ಪಿಗೆ 400 ಜನರಿದ್ದರೆ ಅದು ಸುಮಾರು 7ರಿಂದ 13ಕ್ಕೆ ಇಳಿಯುತ್ತದೆ.

ವರದಿಯ ನಕ್ಷೆಗಳಲ್ಲಿ ಕೆಂಪು–ಹಸಿರಿನ ಭೇದವನ್ನೇ ನಂಬದೆ ಗೆರೆಯ ಬಗೆಯನ್ನೂ ಬದಲಿಸಿ. ಅಕ್ಷರ–ಹಿನ್ನೆಲೆಯ ಬೆಳಕಿನ ಅನುಪಾತ 4.5:1ಕ್ಕಿಂತ ಕಡಿಮೆಯಾಗದಿರಲಿ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಚಿತ್ರದ ವಿವರಣೆ ಬರೆಯಿರಿ. ಒಳಗೊಳ್ಳುವಿಕೆಯ ವರದಿಯನ್ನೇ ಅಂಧರು ಓದಲಾಗದಿದ್ದರೆ ಏನು ಚೆಂದ?

ಕೆಲಸ ಹುಡುಕುವಾಗ ‘ಡೇಟಾ ಸೈಂಟಿಸ್ಟ್’ ಎಂಬ ಹೆಸರಿಗೇ ಜೋತು ಬೀಳಬೇಡಿ. ಸಾರ್ವಜನಿಕ ಆರೋಗ್ಯ, ಶಿಕ್ಷಣದ ಸಂಸ್ಥೆಗಳಲ್ಲಿ ಇದೇ ಕೆಲಸ ‘ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಷನ್’ (ಯೋಜನೆಗಳ ಪ್ರಗತಿ, ಪರಿಣಾಮ ಅಳೆಯುವುದು) ಹೆಸರಿನಲ್ಲೂ ಇರುತ್ತದೆ.