ಪೆಸಿಫಿಕ್ ಸಾಗರದ ಪುಟ್ಟ ದ್ವೀಪಸಮೂಹ ಅಮೆರಿಕನ್ ಸಮೋವಾದ ಫುಟ್‌ಬಾಲ್ ತಂಡ ಒಂದಾದರೂ ಪಂದ್ಯ ಗೆದ್ದಿದೆಯಾ?

ಗೆದ್ದಿದೆ. ಆದರೆ ಜನರಿಗೆ ನೆನಪಿರುವುದು ಸೋಲೇ ಜಾಸ್ತಿ. 2001ರ ಏಪ್ರಿಲ್ 11, ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರ್, ವಿಶ್ವಕಪ್ ಅರ್ಹತಾ ಪಂದ್ಯ: ಆಸ್ಟ್ರೇಲಿಯಾ ಎದುರು 31–0 ಸೋಲು. ಆಸ್ಟ್ರೇಲಿಯಾದ ಆರ್ಚಿ ಥಾಂಪ್ಸನ್ ಒಬ್ಬರೇ 13 ಗೋಲು ಹೊಡೆದರು. ಸ್ಕೋರ್‌ಬೋರ್ಡ್‌ನವರೇ ಲೆಕ್ಕ ತಪ್ಪಿ 32 ಅಂತ ತೋರಿಸಿದ್ದರು!

ಸುಮ್ನೆ ನಗಬೇಡಿ. ಪಾಸ್‌ಪೋರ್ಟ್ ತೊಡಕಿನಿಂದಾಗಿ ಮುಖ್ಯ ತಂಡದಲ್ಲಿ ಆಡಲು ಉಳಿದಿದ್ದು ಗೋಲ್‌ಕೀಪರ್ ನಿಕಿ ಸಲಾಪು ಒಬ್ಬರೇ. ಜೊತೆಗಿದ್ದವರಲ್ಲಿ 15 ವರ್ಷದ ಹುಡುಗರೂ ಇದ್ದರು.

2011ರ ನವೆಂಬರ್‌ನಲ್ಲಿ, ಕೋಚ್ ಥಾಮಸ್ ರೊಂಗನ್ ಬಂದ ಮೇಲೆ, ಟೋಂಗಾವನ್ನು 2–1ರಿಂದ ಸೋಲಿಸಿದರು. ಫಿಫಾ ಲೆಕ್ಕದಲ್ಲಿ ಅದೇ ಮೊದಲ ಗೆಲುವು. ಅವತ್ತು ಗೋಲು ಕಾಯುತ್ತಿದ್ದವರು ಯಾರು ಗೊತ್ತಾ? ಅದೇ ಸಲಾಪು. ಆಮೇಲೆ ಕುಕ್ ದ್ವೀಪಗಳ ಜೊತೆ 1–1 ಡ್ರಾ. ಕೊನೆಗೆ ನೆರೆಯ ಸಮೋವಾ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ಇವರನ್ನು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಗಟ್ಟಿತು.